ಕಲಿತದ್ದಕ್ಕೆ ಸಾಕ್ಷಿ ಯಂತ್ರದ ಮುಂದೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನವರು ತರಬೇತಿಗೆಂದು ಈಗ ಯಾರನ್ನೂ ಹೊರಗೆ ಕಳಿಸಲೇಬೇಕೆಂದಿಲ್ಲ. ಸಿಎನ್‌ಸಿ ಪ್ರೋಗ್ರಾಮಿಂಗ್ ಪಾಠ ಮೊಬೈಲಿನಲ್ಲೇ ಸಿಗುತ್ತದೆ. ಸುರಕ್ಷತೆಯ ವಿಡಿಯೊಗಳಿವೆ, ಜಿಎಸ್‌ಟಿ ರಿಟರ್ನ್ ತುಂಬುವುದನ್ನು ಹೇಳಿಕೊಡುವ ಯೂಟ್ಯೂಬ್ ಚಾನೆಲ್‌ಗಳಿವೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣಗಳಾದ ‘ಸ್ವಯಂ’ 2017ರಲ್ಲಿ, ‘ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್’ 2023ರಲ್ಲಿ ಶುರುವಾದವು. ಹೀಗಾಗಿ ಪಾಠ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಿಕ್ಕ ಪಾಠ ಒಳ್ಳೆಯದೋ ಕಳಪೆಯೋ ಎಂದು ತೀರ್ಮಾನಿಸುವುದು ಹೇಗೆ ಎಂಬುದೇ ಈಗಿನ ತೊಡಕು.

ಇದಕ್ಕೆ ದೊಡ್ಡ ಕಂಪನಿಗಳಿಂದ ಬಂದ ಸಿದ್ಧ ಅಳತೆಗೋಲೊಂದಿದೆ: ಎಷ್ಟು ಜನ ಪಾಠ ಮುಗಿಸಿದರು, ಎಷ್ಟು ಸ್ಟಾರ್ ಕೊಟ್ಟರು, ಕೊನೆಯ ಕ್ವಿಜ್‌ನಲ್ಲಿ ಎಷ್ಟು ಅಂಕ ಬಂತು. ಸಾವಿರಾರು ನೌಕರರಿರುವ ಕಡೆ, ಮೇಲಿನವರಿಗೆ ವರದಿ ಒಪ್ಪಿಸಬೇಕಾದವರಿಗೆ ಈ ಅಂಕಿಗಳು ಅನುಕೂಲ. ಸಣ್ಣ ಘಟಕಕ್ಕೆ ಇವು ದಾರಿ ತಪ್ಪಿಸುತ್ತವೆ. ಹಾರ್ವರ್ಡ್ ಮತ್ತು ಎಂಐಟಿ ಕೂಡಿ ಕಟ್ಟಿದ ‘ಎಡ್ಎಕ್ಸ್’ ಆನ್‌ಲೈನ್ ತಾಣದಲ್ಲಿ ಆ ಎರಡೂ ಸಂಸ್ಥೆಗಳ ಕೋರ್ಸುಗಳಿಗೆ 2017–18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ನೂರಕ್ಕೆ ಮೂವರಷ್ಟೇ ಎಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ತೋರಿಸಿತು. ಹಾಗೆಂದು ಉಳಿದ ತೊಂಬತ್ತೇಳು ಮಂದಿ ಏನೂ ಕಲಿಯಲಿಲ್ಲವೆಂದು ಹೇಳಲಾಗದು. ಒಂದು ಗಂಟೆಯ ಪಾಠದಲ್ಲಿ ತನಗೆ ಬೇಕಾದ ನಾಲ್ಕು ನಿಮಿಷ ನೋಡಿ, ಮೊಬೈಲು ಜೇಬಿಗಿಟ್ಟು ಮೆಷಿನ್ನಿಗೆ ಮರಳಿದ ಆಪರೇಟರು ಲೆಕ್ಕದಲ್ಲಿ ಅರ್ಧಕ್ಕೆ ಬಿಟ್ಟವನು; ವಿಡಿಯೊ ಓಡಲು ಬಿಟ್ಟು ಚಹಾ ಕುಡಿದು ಬಂದವನು ಪೂರೈಸಿದವನು.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ತೂಗಬೇಕೆಂದು ಬರೆಯತೊಡಗಿದ್ದರು: ಕಲಿತವನಿಗೆ ಹಿಡಿಸಿತೇ, ತಲೆಗೆ ಹತ್ತಿತೇ, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ದೊಡ್ಡ ಕಂಪನಿಗಳ ಅಳತೆ ಮೊದಲೆರಡರಲ್ಲೇ ನಿಂತುಬಿಡುವುದು ಸಾಮಾನ್ಯ. ತರಬೇತಿ ವಿಭಾಗ ಒಂದು ಕಡೆ, ಕೆಲಸದ ಜಾಗ ಇನ್ನೊಂದು ಕಡೆ ಇರುವುದರಿಂದ ಮುಂದಿನೆರಡು ಅದರ ಕಣ್ಣಿಗೆ ಬೀಳುವುದು ಕಷ್ಟ. ಹತ್ತು ಜನರ ವರ್ಕ್‌ಶಾಪಿನಲ್ಲಾದರೋ ಕಲಿಸಲು ಹಣ ಕೊಟ್ಟವನೇ ಕಲಿತವನ ಪಕ್ಕದಲ್ಲಿ ನಿಂತಿರುತ್ತಾನೆ. ಕಲಿಕೆಯ ಗುಣಮಟ್ಟ ಅಳೆಯುವುದು ಸಣ್ಣವರ ಕೈಲಾಗದ ಕೆಲಸವೆಂಬ ಮಾತಿದೆ. ನನ್ನ ಪ್ರಕಾರ ಅದು ಅವರಿಗೇ ಹೆಚ್ಚು ಸುಲಭ.

ಸಿಎನ್‌ಸಿ ಲೇತ್ ಕೆಲಸವನ್ನೇ ನೋಡಿ. 25 ಮಿ.ಮೀ. ವ್ಯಾಸ ಬರಬೇಕಾದ ಶಾಫ್ಟು ಮೈಕ್ರೋಮೀಟರಿನಲ್ಲಿ 25.04 ತೋರಿಸುತ್ತದೆ ಎನ್ನಿ. ಆಪರೇಟರು, ಟೂಲಿನ ಸವೆತಕ್ಕೆ ತಕ್ಕಂತೆ ಅಳತೆ ಸರಿಪಡಿಸುವ ವೇರ್ ಆಫ್‌ಸೆಟ್‌ನಲ್ಲಿ ಮೈನಸ್ 0.04 ಹಾಕಬೇಕು. ಪ್ಲಸ್ ಒತ್ತಿದರೆ ಮುಂದಿನ ಜಾಬ್ 25.08ಕ್ಕೆ ಬರುತ್ತದೆ, ದಪ್ಪವಾಗಿರುವುದರಿಂದ ಮತ್ತೆ ಕಟ್ ಕೊಟ್ಟು ಸರಿಪಡಿಸಬಹುದು. ಸೊನ್ನೆಯೊಂದು ಬಿಟ್ಟುಹೋಗಿ ಮೈನಸ್ 0.4 ಹಾಕಿದರೆ 24.64, ಅದು ನೇರ ಗುಜರಿಗೆ. ‘ವೇರ್ ಆಫ್‌ಸೆಟ್ ಎಂದರೇನು’ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಒತ್ತಿದ ಹುಡುಗನೂ ಈ ತಪ್ಪು ಮಾಡಬಲ್ಲ. ಅವನ ಕೈಗೆ ದಪ್ಪ ಬಂದ ಒಂದು ಜಾಬ್ ಮತ್ತು ಮೈಕ್ರೋಮೀಟರ್ ಕೊಟ್ಟು, ‘ಈಗ ಎಷ್ಟು ಹಾಕ್ತೀಯಪ್ಪ?’ ಎಂದು ಕೇಳಿದರೆ ಕೋರ್ಸಿನ ಯೋಗ್ಯತೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಮನುಷ್ಯರ ವಿಷಯದಲ್ಲಿ ಆ ಲೆಕ್ಕ ನಡೆಯದು. ರಿಜೆಕ್ಷನ್ ಕಡಿಮೆಯಾದದ್ದು ಪಾಠದಿಂದಲೋ, ಟೂಲಿಗೆ ಹಾಕಿದ ಹೊಸ ಇನ್ಸರ್ಟಿನಿಂದಲೋ, ಈ ಸಲದ ಕಬ್ಬಿಣ ಚೆನ್ನಾಗಿದ್ದುದರಿಂದಲೋ? ಅನುಮಾನ ಪೂರ್ತಿ ನೀಗುವುದಿಲ್ಲ, ತಕ್ಕಮಟ್ಟಿಗೆ ಕಡಿಮೆ ಮಾಡಬಹುದು. ಪಾಠಕ್ಕೆ ಮುಂಚಿನ ಒಂದು ತಿಂಗಳು ಒಂದೇ ಮೆಷಿನ್ನಿನ ಒಂದೇ ಜಾಬಿನ ರಿಜೆಕ್ಷನ್ನನ್ನು ಕಾರಣದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಒಂದು ಶಿಫ್ಟಿನವರಿಗೆ ಮೊದಲು ಕಲಿಸಿ, ಇನ್ನೊಂದು ಶಿಫ್ಟಿನವರಿಗೆ ತಿಂಗಳು ಬಿಟ್ಟು ಕಲಿಸಿದರೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. ಮರೆವು ಮನುಷ್ಯಸಹಜವಾದ್ದರಿಂದ ಎರಡು ತಿಂಗಳಾದ ಮೇಲೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು.

ತೆರೆಯ ಮೇಲಿನ ಪಾಠಕ್ಕೆ ಅದರದೇ ಬಲವೂ ಮಿತಿಯೂ ಇವೆ. ಸಿಮ್ಯುಲೇಟರಿನಲ್ಲಿ ಟೂಲು ಹೋಗಿ ಚಕ್ಕಿಗೆ ಬಡಿದರೆ ಸ್ಪಿಂಡಲ್ ಹಾಳಾಗುವುದಿಲ್ಲ. ಅರ್ಥವಾಗದ ಭಾಗವನ್ನು ಯಾರ ಬೈಗುಳವೂ ಇಲ್ಲದೆ ಹತ್ತು ಸಲ ನೋಡಬಹುದು. ಆದರೆ ಟೂಲು ಸವೆದಾಗ ಬದಲಾಗುವ ಸದ್ದು, ಸಿಡಿಯುವ ಚಿಪ್ಪಿನ ಬಣ್ಣ ಇವೆಲ್ಲ ಅನುಭವಿ ಸೆಟ್ಟರಿನ ಪಕ್ಕದಲ್ಲಿ ನಿಂತವನಿಗೇ ದಕ್ಕುತ್ತವೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ನಮ್ಮ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಹುಡುಗರನ್ನು ಮೆಷಿನ್ನಿನ ಮುಂದೆ ನಿಲ್ಲಿಸಿ ಕಲಿಸುತ್ತ ಬಂದಿರುವುದು ಸುಮ್ಮನಲ್ಲ. ಅಲ್ಲಿ ದಕ್ಕುವುದನ್ನು ಆ್ಯಪ್ ಕೂಡ ಕೊಡಲೆಂದು ಬಯಸುವುದು ಆ್ಯಪಿಗೆ ಮಾಡುವ ಅನ್ಯಾಯ.

ಪಾಠ ಸೋತಾಗ ತಪ್ಪೆಲ್ಲ ಪಾಠದ್ದೇ ಆಗಿರಬೇಕಿಲ್ಲ. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ ಹುಡುಗನಿಗೆ ಇಂಗ್ಲಿಷ್ ವಿವರಣೆಯ ವಿಡಿಯೊ ಕೊಟ್ಟು, ಶಿಫ್ಟು ಮುಗಿದ ಮೇಲೆ ರೂಮಿಗೆ ಹೋಗಿ ಅವನದೇ ಡೇಟಾದಲ್ಲಿ ನೋಡಲು ಹೇಳಿದರೆ ಅವನು ತೂಕಡಿಸುತ್ತಾನೆ. ಕೋರ್ಸಿನ ಗುಣಮಟ್ಟದಲ್ಲಿ ಅವನಿಗೆ ತಿಳಿಯುವ ಭಾಷೆಯೂ ಸಂಬಳದ ಹೊತ್ತಿನಲ್ಲೇ ಕೊಡುವ ಅರ್ಧ ಗಂಟೆಯೂ ಸೇರಿವೆ. ಅಷ್ಟನ್ನು ಒದಗಿಸದ ಮಾಲೀಕನಿಗೆ ಪಾಠವನ್ನು ದೂರುವ ಹಕ್ಕಿಲ್ಲ. ‘ಕಲಿಸಿದರೆ ಬೇರೆ ಕಡೆ ಹೋಗ್ತಾನೆ’ ಎನ್ನುವವರೂ ಇದ್ದಾರೆ. ಹೋಗುವವರು ಹೋಗುತ್ತಾರೆ, ನಿಜ. ಕಲಿಯದೆ ಉಳಿದವನು ದಿನವೂ ಗುಜರಿಗೆ ಸೇರಿಸುವ ಜಾಬುಗಳ ಖರ್ಚನ್ನೂ ಅವರು ಲೆಕ್ಕ ಹಾಕಲಿ.

ಆದ್ದರಿಂದ ಸಣ್ಣ ಉದ್ಯಮಿಗಳಿಗೆ ನನ್ನ ಮಾತು ಇಷ್ಟೇ: ಕೋರ್ಸಿಗೆ ಹಣ ಕೊಡುವ ಮುನ್ನ, ಇದರಿಂದ ಯಾವ ಕೆಲಸ, ಯಾರ ಕೈಯಲ್ಲಿ, ಎಷ್ಟು ಸುಧಾರಿಸಬೇಕು ಎಂದು ಒಂದು ಸಾಲು ಬರೆದಿಡಿ. ಆ ಸಾಲು ಬರೆಯಲಾಗದಿದ್ದರೆ ಕೋರ್ಸು ಕೊಳ್ಳಬೇಡಿ.