ಲೀಗಿನಾಚೆಯವರ ಕಪ್ಪು

ಫುಟ್ಬಾಲ್ ಕಪ್ ಪಂದ್ಯಾವಳಿಗಳ ಚರಿತ್ರೆಯನ್ನು ಬಹುತೇಕರು 1871ರಿಂದ, ಲಂಡನ್ನಿನಿಂದ ಶುರುಮಾಡುತ್ತಾರೆ. ಎಫ್.ಎ. ಕಪ್ ಹುಟ್ಟಿದ್ದು ಆಗ, ಅಲ್ಲಿ. ಆಟದ ಚರಿತ್ರೆಯನ್ನು ಹೇಗೆ ಬರೆಯುತ್ತಾರೆ ಎನ್ನುವುದೇ ನನ್ನ ಪಿಎಚ್.ಡಿ. ವಿಷಯ. ಹಾಗಾಗಿ ಈ ಆರಂಭದ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಏಕೆಂದರೆ ಅದಕ್ಕೂ ನಾಲ್ಕು ವರ್ಷ ಮೊದಲೇ, ಚಾಕು-ಚೂರಿ ಮತ್ತು ಉಕ್ಕಿಗೆ ಹೆಸರಾದ ಶೆಫೀಲ್ಡಿನಲ್ಲಿ ಕಪ್ಪಿಗಾಗಿ ಆಟ ನಡೆದಿತ್ತು. ಕಪ್ ಕೊಟ್ಟವರು ಥಾಮಸ್ ಯೂಡನ್, ನಾಟಕಶಾಲೆಯ ಮಾಲೀಕರು. ಆಡಿದ್ದು ಊರಿನ ಹನ್ನೆರಡು ಕ್ಲಬ್ಬುಗಳು. 1867ರ ಮಾರ್ಚ್ 5ರಂದು ಬ್ರಾಮಲ್ ಲೇನಿನಲ್ಲಿ ಸುಮಾರು 3,000 ಜನರ ಮುಂದೆ ಹ್ಯಾಲಮ್ ತಂಡ ನಾರ್ಫೋಕ್ ತಂಡವನ್ನು ಸೋಲಿಸಿತು. ಗೋಲು ಒಂದೂ ಇಲ್ಲ, ಗೆದ್ದದ್ದು ಎರಡು 'ರೂಜ್'ಗಳಿಂದ. ಗೋಲಿನ ಅಕ್ಕಪಕ್ಕ ನೆಟ್ಟ ಬಾವುಟಗಳ ನಡುವೆ ಚೆಂಡು ದಾಟಿದಾಗ ದಾಳಿ ಮಾಡುವ ತಂಡದವರು ಓಡಿಹೋಗಿ ಅದನ್ನು ಮೊದಲು ಮುಟ್ಟಿದರೆ ಒಂದು ರೂಜ್. ಮರುವರ್ಷ ಕ್ರಾಮ್‌ವೆಲ್ ಕಪ್. ಅದರ ಫೈನಲ್ ಸಮಬಲವಾದಾಗ, ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂದು ತೀರ್ಮಾನಿಸಿದರು, ವೆನ್ಸ್‌ಡೇ ತಂಡ ಗೆದ್ದಿತು. 1990ರ ದಶಕದಲ್ಲಿ ಫಿಫಾ ಇದನ್ನೇ 'ಗೋಲ್ಡನ್ ಗೋಲ್' ಎಂದು ಹೊಸದರಂತೆ ತಂದಿತು!

ಅವರ ಆಟದ ನಿಯಮಗಳೇ ಬೇರೆ, ಕೊನೆಗೆ ಗೆದ್ದದ್ದು ಲಂಡನ್ನಿನ ನಿಯಮ, ಆದ್ದರಿಂದ ಚರಿತ್ರೆಯೂ ಅಲ್ಲಿಂದಲೇ ಎನ್ನುವ ವಾದವಿದೆ. ಒಪ್ಪಲಾರೆ. 1877ರಲ್ಲಿ ಶೆಫೀಲ್ಡ್ ತನ್ನ ನಿಯಮಗಳನ್ನು ಬಿಟ್ಟುಕೊಟ್ಟದ್ದು ನಿಜ. ಆದರೆ ಅದಕ್ಕೂ ಮೊದಲೇ, 1872ರಲ್ಲಿ, ಲಂಡನ್ ಕಾರ್ನರ್ ಕಿಕ್ಕನ್ನು ಎತ್ತಿಕೊಂಡದ್ದು ಇದೇ ಶೆಫೀಲ್ಡಿನಿಂದ. ಸಾಲ ಪಡೆದವರು ಸಾಲ ಕೊಟ್ಟವರ ಹೆಸರನ್ನೇ ಅಳಿಸಿದರೆ ಅದನ್ನು ಗೆಲುವು ಎನ್ನಬೇಕೆ?

1876-77ರಲ್ಲಿ ಅಲ್ಲಿ ಶುರುವಾದ ಕಪ್ ಇವತ್ತಿಗೂ ಶೆಫೀಲ್ಡ್ ಅಂಡ್ ಹ್ಯಾಲಮ್‌ಶೈರ್ ಸೀನಿಯರ್ ಕಪ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆಡುವವರನ್ನು 'ನಾನ್-ಲೀಗ್' ಕ್ಲಬ್ಬುಗಳು ಎನ್ನುತ್ತಾರೆ. (ಅವರಿಗೂ ಲೀಗುಗಳಿವೆ, ಎಣಿಕೆಗಿಲ್ಲ ಅಷ್ಟೆ.) ಹ್ಯಾಲಮ್ ಹುಟ್ಟಿದ್ದು 1860ರಲ್ಲಿ, ಫುಟ್ಬಾಲ್ ಲೀಗ್ 1888ರಲ್ಲಿ. ತನಗಿಂತ 28 ವರ್ಷ ಕಿರಿಯ ಸಂಸ್ಥೆಯೊಂದರಲ್ಲಿ ಇಲ್ಲ ಎನ್ನುವುದೇ ಈ ಕ್ಲಬ್ಬಿನ ಗುರುತಾಗಿದೆ. 'ಪ್ರಾದೇಶಿಕ ಸಾಹಿತ್ಯ' ಎಂಬ ಹಣೆಪಟ್ಟಿ ಹೊತ್ತು ತಿರುಗುವ ಕನ್ನಡದವರಿಗೆ ಈ ಹೆಸರಿಡುವ ರಾಜಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. 1857ರ ಶೆಫೀಲ್ಡ್ ಎಫ್.ಸಿ.ಗೆ 2004ರಲ್ಲಿ ಫಿಫಾ ಗೌರವ ಕೊಟ್ಟಿತು, ಜೊತೆಗೆ ಪಡೆದ ಇನ್ನೊಂದು ಕ್ಲಬ್ ರಿಯಲ್ ಮ್ಯಾಡ್ರಿಡ್. ಏಳು ವರ್ಷದ ನಂತರ ಅದೇ ಶೆಫೀಲ್ಡ್ ಎಫ್.ಸಿ. ತನ್ನ ಕೈಬರಹದ ನಿಯಮಾವಳಿಯನ್ನು ಇತರ ದಾಖಲೆಗಳ ಸಮೇತ 8,81,250 ಪೌಂಡಿಗೆ ಹರಾಜಿನಲ್ಲಿ ಮಾರಿ ಹಣ ಹೊಂದಿಸಿಕೊಳ್ಳಬೇಕಾಯಿತು. 2024ರಲ್ಲಿ ಎಫ್.ಎ. ಕಪ್ಪಿನ ಮೊದಲ ಸುತ್ತಿನಿಂದಾಚೆಗೆ ಮರುಪಂದ್ಯಗಳನ್ನೇ ರದ್ದು ಮಾಡಿದರು. ದೊಡ್ಡ ತಂಡದೆದುರು ಡ್ರಾ ಮಾಡಿಕೊಂಡ ಸಣ್ಣ ಕ್ಲಬ್ಬಿಗೆ ಎರಡನೇ ಪಂದ್ಯದ ಟಿಕೆಟ್ ಹಣದಿಂದ ವರ್ಷದ ಖರ್ಚು ಹೊರುವ ಒಂದು ಅವಕಾಶವಿತ್ತು. ದೊಡ್ಡವರಿಗೆ ದಣಿವಾಗುತ್ತದಂತೆ. ಆ ಮರುಪಂದ್ಯಗಳನ್ನು ವಾಪಸು ತರಬೇಕು, ಪುಸ್ತಕಗಳಲ್ಲಿ ಮೊದಲ ಕಪ್ಪಿನ ಇಸವಿ 1867 ಎಂದಾಗಬೇಕು.

ಯೂಡನ್ ಕಪ್ ಬಹುಕಾಲ ಕಾಣೆಯಾಗಿತ್ತು. 1997ರಲ್ಲಿ ಸ್ಕಾಟ್ಲೆಂಡಿನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರ ಬಳಿ ಪತ್ತೆಯಾಯಿತು. ತಾನೇ ಗೆದ್ದ ಕಪ್ಪನ್ನು ಹ್ಯಾಲಮ್ 2,000 ಪೌಂಡ್ ಕೊಟ್ಟು ಕೊಂಡುಕೊಂಡಿತು.