ಗೃಹರಕ್ಷಣೆ: ಗುಟ್ಟಿನ ನೋಟವೂ ಕಂಪ್ಯೂಟರಿನ ವೈರಸ್ಸೂ

ಮನೆಯ ಯಂತ್ರಗಳ ಪಾಲನೆಯನ್ನು ಕುರಿತು ಬರೆಯುವಾಗ ಒಂದು ವಿಷಯವನ್ನು ಮಾತ್ರ ಬಾಯಿಬಿಟ್ಟು ಹೇಳುವುದಕ್ಕೆ ಎಲ್ಲರಿಗೂ ಸಂಕೋಚವುಂಟಾಗುವುದು. ವಯಸ್ಕರಿಗೆಂದೇ ಇರುವ ಚಿತ್ರಗಳ ಜಾಲತಾಣಗಳನ್ನು ನೋಡುವ ವಿಷಯವೇ ಅದು. ಅವುಗಳನ್ನು ನೋಡುವುದು ಯೋಗ್ಯವೋ ಅಯೋಗ್ಯವೋ ಎಂಬ ವಿಚಾರವನ್ನು ಅವರವರ ಮನಸ್ಸಾಕ್ಷಿಗೆ ಬಿಡೋಣ. ಆದರೆ ಒಂದೇ ಕಂಪ್ಯೂಟರಿನಲ್ಲಿ ಮನೆಯ ಯಜಮಾನನ ಬ್ಯಾಂಕು ವ್ಯವಹಾರವೂ, ಗೃಹಿಣಿಯ ಪತ್ರಗಳೂ, ಮಕ್ಕಳ ಪಾಠಗಳೂ, ಗತಿಸಿದ ಹಿರಿಯರ ಭಾವಚಿತ್ರಗಳೂ ಇರುವಲ್ಲಿ, ಒಬ್ಬನು ರಾತ್ರಿ ಗುಟ್ಟಾಗಿ ಮಾಡಿದ ಕೆಲಸದ ಫಲವನ್ನು ಬೆಳಗಾಗುವಷ್ಟರಲ್ಲಿ ಎಲ್ಲರೂ ಉಣ್ಣಬೇಕಾದೀತು. ಆದುದರಿಂದ ಇದು ಮಾತನಾಡದೆ ಬಿಡತಕ್ಕ ವಿಷಯವಲ್ಲ.

ವೈರಸ್ಸು ಚಿತ್ರದ ಸ್ವರೂಪದಿಂದ ಹುಟ್ಟುವುದಲ್ಲವೆಂಬುದನ್ನು ಮೊದಲು ತಿಳಿಯಬೇಕು. ಧಾರ್ಮಿಕ ಪ್ರವಚನದ ತಾಣದಲ್ಲಿಯೂ ಅದು ಇರಬಹುದು. ಆದರೂ ಈ ಬಗೆಯ ತಾಣಗಳಲ್ಲಿ ಮೋಸಗಾರರಿಗೆ ಮೂರು ಅನುಕೂಲಗಳುಂಟು. ಅಲ್ಲಿನ ಜಾಹೀರಾತುಗಳು ಬಹುಮಟ್ಟಿಗೆ ಹೊರಗಿನ ದಳ್ಳಾಳಿಗಳ ಕೈಯಿಂದ ಬರುತ್ತವೆ. ಅವುಗಳೆಲ್ಲವನ್ನೂ ತಾಣದವರು ಪರೀಕ್ಷಿಸುವುದಿಲ್ಲ. ನೋಡುವವನು ಆತುರದಲ್ಲಿರುವುದರಿಂದ ಎದುರಿಗೆ ಬಂದ ಗುಂಡಿಯನ್ನು ಓದದೆಯೇ ಒತ್ತುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಮೋಸಹೋದ ಮೇಲೆ ಮಾನಕ್ಕಂಜಿ ಯಾರಿಗೂ ಹೇಳುವುದಿಲ್ಲ.

ಈ ಉಪಾಯವು ಹೊಸದಲ್ಲ. 1999ನೆಯ ಮಾರ್ಚಿ ತಿಂಗಳಿನಲ್ಲಿ ಅಮೆರಿಕಾ ದೇಶದ ಡೇವಿಡ್ ಸ್ಮಿತ್ ಎಂಬವನು, ಹಣ ತೆತ್ತು ನೋಡಬೇಕಾದ ಇಂತಹ ತಾಣಗಳ ಪಾಸ್‌ವರ್ಡುಗಳೆಲ್ಲ ಇದರಲ್ಲಿವೆಯೆಂದು ನಂಬಿಸಿ, ವರ್ಡ್ ಕಡತವೊಂದನ್ನು ಸಾರ್ವಜನಿಕ ಚರ್ಚಾಕೂಟದಲ್ಲಿ ಇರಿಸಿದನು. ಅದೇ ‘ಮೆಲಿಸ್ಸಾ’ ಎಂಬ ವೈರಸ್ಸು. ಬಿಟ್ಟಿಯಾಗಿ ದೊರೆಯಿತೆಂದು ಅದನ್ನು ತೆರೆದವರ ವಿಳಾಸಪುಸ್ತಕದ ಮೊದಲ 50 ವಿಳಾಸಗಳಿಗೆ, ಅವರದೇ ಹೆಸರಿನಲ್ಲಿ, ಆ ಕಡತವು ತಾನಾಗಿಯೇ ರವಾನೆಯಾಯಿತು. ಗುಟ್ಟಾಗಿ ನೋಡಬೇಕೆಂದು ತೆರೆದದ್ದು ಮೇಲಧಿಕಾರಿಗೂ ನಂಟರಿಗೂ ತಲಪುವಂತಾಯಿತು! ಆ ಮನುಷ್ಯನಿಗೆ 2002ರಲ್ಲಿ 20 ತಿಂಗಳ ಸೆರೆವಾಸವು ವಿಧಿಸಲ್ಪಟ್ಟಿತು.

ಬಳಿಕ ಬಂದದ್ದು ‘ಕೊಡೆಕ್’ ಎಂಬ ಮೋಸ. ಚಲನಚಿತ್ರವನ್ನು ನೋಡಹೋದರೆ, ‘ಇದನ್ನು ತೋರಿಸುವ ಸಾಧನವು ನಿಮ್ಮಲ್ಲಿಲ್ಲ, ಇದೋ ಇಳಿಸಿಕೊಳ್ಳಿರಿ’ ಎಂಬ ಫಲಕವು ಕಾಣಿಸಿಕೊಳ್ಳುವುದು. ಇಳಿಸಿಕೊಂಡದ್ದು ಸಾಧನವಲ್ಲ, ವೈರಸ್ಸು. ಹೀಗೆ ಹರಡಿದವುಗಳಲ್ಲಿ ‘ಡಿಎನ್ಎಸ್ ಚೇಂಜರ್’ ಎಂಬುದೊಂದು. ನಾವು ಬ್ಯಾಂಕಿನ ಹೆಸರನ್ನು ಬರೆದರೆ ಅದರ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಯೊಂದು ಅಂತರ್ಜಾಲದಲ್ಲಿದೆಯಷ್ಟೆ. ಈ ವೈರಸ್ಸು ಆ ವ್ಯವಸ್ಥೆಯ ಬದಲಿಗೆ ಕಳ್ಳರ ವ್ಯವಸ್ಥೆಯನ್ನೇ ಕೇಳುವಂತೆ ಯಂತ್ರವನ್ನು ತಿರುಗಿಸಿಬಿಡುತ್ತಿದ್ದಿತು. 2011ನೆಯ ನವೆಂಬರಿನಲ್ಲಿ ಈ ಜಾಲವು ಪತ್ತೆಯಾದಾಗ 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಯಂತ್ರಗಳು ಅದರ ವಶದಲ್ಲಿದ್ದುವು. 2017ರಲ್ಲಿ ಪ್ರಸಿದ್ಧವಾದ ವಯಸ್ಕರ ತಾಣವೊಂದರ ಜಾಹೀರಾತುಗಳ ಮೂಲಕ, ಬ್ರೌಸರನ್ನು ನವೀಕರಿಸಿರೆಂಬ ಸುಳ್ಳು ಫಲಕವು ಬಂದು ಮತ್ತೊಂದು ವೈರಸ್ಸು ಹರಡಿತು. ತಾಣವು ಹೆಸರಾದದ್ದೆಂಬ ಒಂದೇ ಕಾರಣದಿಂದ ಅಲ್ಲಿ ಬಂದುದನ್ನೆಲ್ಲಾ ನಂಬಲಾಗದೆಂಬುದಕ್ಕೆ ಇದು ನಿದರ್ಶನ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. 2015ರಲ್ಲಿ 857 ತಾಣಗಳನ್ನು ತಡೆಯುವಂತೆ ಸರ್ಕಾರದ ಆಜ್ಞೆಯಾಗಿ, ಕೆಲವೇ ದಿನಗಳಲ್ಲಿ ಅದು ಸಡಿಲವಾಯಿತು. 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯದ ಆಜ್ಞೆಯ ಮೇಲೆ 827 ತಾಣಗಳನ್ನು ತಡೆಯಲಾಯಿತು. ಹೆಬ್ಬಾಗಿಲು ಮುಚ್ಚಿದಾಗ ಕೆಲವರು ಅದೇ ಹೆಸರಿನ ನಕಲಿ ತಾಣಗಳಿಗೂ, ಊರು ಹೆಸರಿಲ್ಲದವರು ಬಿಟ್ಟಿಯಾಗಿ ಕೊಡುವ ವಿಪಿಎನ್ ಸಾಧನಗಳಿಗೂ ಕೈಹಾಕುವರು. ವಿಪಿಎನ್ ಎಂದರೆ ನಮ್ಮ ಸಂಚಾರವನ್ನೆಲ್ಲಾ ಬೇರೊಬ್ಬನ ಮನೆಯ ಮೂಲಕ ಕಳುಹಿಸುವುದು. ಆ ಬೇರೊಬ್ಬನು ಯಾರೆಂದು ತಿಳಿಯದಿರುವಾಗ ಅಪಾಯವು ತಗ್ಗುವುದಿಲ್ಲ, ಹೆಚ್ಚುತ್ತದೆ.

ಇನ್ನು ಭಯಪಡಿಸಿ ಹಣ ಕೀಳುವವರ ಮಾತು. 2012ರ ಸುಮಾರಿನಲ್ಲಿ ‘ರೆವೆಟನ್’ ಎಂಬುದು ಪರದೆಯನ್ನು ಬಂಧಿಸಿ, ‘ನೀವು ನಿಷಿದ್ಧ ಚಿತ್ರಗಳನ್ನು ನೋಡಿದ್ದೀರಿ, ದಂಡ ತೆರಿರಿ’ ಎಂದು ಪೊಲೀಸರ ಲಾಂಛನದೊಡನೆ ಬೆದರಿಸುತ್ತಿದ್ದಿತು. 2018ರಿಂದ ಬರತೊಡಗಿದ ಪತ್ರಗಳಲ್ಲಿ, ‘ನೀವು ನೋಡುತ್ತಿದ್ದಾಗ ನಿಮ್ಮ ಕ್ಯಾಮರಾದಿಂದಲೇ ನಿಮ್ಮ ಚಿತ್ರವನ್ನು ತೆಗೆದಿದ್ದೇನೆ, ಇಗೋ ನಿಮ್ಮ ಪಾಸ್‌ವರ್ಡು’ ಎಂದಿರುವುದು. ಆ ಪಾಸ್‌ವರ್ಡು ನಿಜವೇ ಆಗಿದ್ದೀತು; ಆದರೆ ಅದು ಹಿಂದೆಂದೋ ಯಾವುದೋ ಸಂಸ್ಥೆಯಿಂದ ಸೋರಿಹೋದ ಪಟ್ಟಿಯಲ್ಲಿ ಸಿಕ್ಕಿದ್ದು. ಅದೇ ಪತ್ರವು ಸಾವಿರಾರು ಮಂದಿಗೆ ಹೋಗಿರುತ್ತದೆ. ಪರದೆಯ ಮೇಲೆ ದಂಡವನ್ನು ಕಟ್ಟಿಸಿಕೊಳ್ಳುವ ಪೊಲೀಸರು ಯಾವ ದೇಶದಲ್ಲಿಯೂ ಇಲ್ಲ. ಆದರೆ ಮಕ್ಕಳನ್ನು ಬಳಸಿಕೊಂಡ ಅಶ್ಲೀಲ ಚಿತ್ರಗಳನ್ನು ಹುಡುಕುವುದೂ, ನೋಡುವುದೂ, ಇಳಿಸಿಕೊಳ್ಳುವುದೂ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ನಿಜವಾದ ಅಪರಾಧವು. ಅಲ್ಲಿ ಯಾವ ರಿಯಾಯಿತಿಯೂ ಇಲ್ಲ, ಇರಲೂಬಾರದು.

ಹೀಗಿರುವಲ್ಲಿ ಗೃಹಸ್ಥನು ಮಾಡತಕ್ಕದ್ದೇನು?

ಮೊದಲನೆಯದಾಗಿ, ಕಂಪ್ಯೂಟರನ್ನೂ ಬ್ರೌಸರನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಅದನ್ನು ಯಂತ್ರದ ಸ್ವಂತ ಸೆಟ್ಟಿಂಗ್ಸಿನಿಂದಲೇ ಮಾಡಬೇಕಲ್ಲದೆ, ಯಾವುದೋ ತಾಣದಲ್ಲಿ ಬಂದ ಫಲಕದಿಂದಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ಕ್ಕೆ ಮುಗಿದಿದೆಯೆಂಬುದು ನೆನಪಿರಲಿ. ‘ಫ್ಲಾಶ್ ಪ್ಲೇಯರ್’ ಎಂಬುದಂತೂ 2020ರ ಅಂತ್ಯಕ್ಕೇ ನಿಂತುಹೋಯಿತು. ಈಗ ಅದನ್ನು ಹಾಕಿಕೊಳ್ಳಿರೆನ್ನುವವನು ಖಂಡಿತವಾಗಿಯೂ ಮೋಸಗಾರನೇ.

ಎರಡನೆಯದಾಗಿ, ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆ ಸಾಧಾರಣ ಖಾತೆಯನ್ನು ಮಾಡಿ, ಹೊಸ ಸಾಫ್ಟ್‌ವೇರನ್ನು ಸೇರಿಸುವ ಅಧಿಕಾರವುಳ್ಳ ಅಡ್ಮಿನ್ ಖಾತೆಯನ್ನು ಪ್ರತ್ಯೇಕವಾಗಿ ಇರಿಸಬೇಕು. ಹಾಗೆ ಮಾಡಿದರೆ ಒಬ್ಬರ ಖಾತೆಗೆ ಹೊಕ್ಕ ಕೇಡು ಇಡೀ ಯಂತ್ರವನ್ನು ಆಕ್ರಮಿಸುವುದು ಕಷ್ಟವಾಗುವುದು. ಬ್ಯಾಂಕಿನ ಕೆಲಸಕ್ಕೆ ಬೇರೆಯೇ ಖಾತೆಯಿರಲಿ. ಅದರಲ್ಲಿ ಮತ್ತಾವ ಸಂಚಾರವೂ ಬೇಡ.

ಮೂರನೆಯದಾಗಿ, ಬ್ರೌಸರಿಗೆ ಜಾಹೀರಾತು ತಡೆಯುವ ಸಾಧನವನ್ನು ಅಳವಡಿಸಬೇಕು. ಇದನ್ನು ಅಮೆರಿಕಾದ ಎಫ್‌ಬಿಐ ಇಲಾಖೆಯೇ 2022ರ ಡಿಸೆಂಬರಿನಲ್ಲಿ ಜನರಿಗೆ ಸೂಚಿಸಿತು. ವಿಂಡೋಸಿನೊಡನೆಯೇ ಬರುವ ‘ಡಿಫೆಂಡರ್’ ಎಂಬ ಕಾವಲನ್ನು ಎಂದಿಗೂ ಆರಿಸಬಾರದು. ‘ಇನ್‌ಕಾಗ್ನಿಟೊ’ ಎಂಬ ಗುಪ್ತ ಕಿಟಕಿಯಾದರೋ ನೋಡಿದ ತಾಣಗಳ ಹೆಸರನ್ನು ಆ ಯಂತ್ರದಲ್ಲಿ ಉಳಿಸುವುದಿಲ್ಲವಷ್ಟೆ. ವೈರಸ್ಸನ್ನು ಅದು ಸ್ವಲ್ಪವೂ ತಡೆಯದು.

ನಾಲ್ಕನೆಯದಾಗಿ, ಇಂತಹ ತಾಣಗಳಿಂದ ಯಾವುದನ್ನೂ ಇಳಿಸಿಕೊಳ್ಳಬಾರದು; ‘ಸೂಚನೆಗಳನ್ನು ಕಳುಹಿಸಲೇ?’ ಎಂದು ಕೇಳಿದರೆ ಒಪ್ಪಬಾರದು. ನಿತ್ಯದ ಪಾಸ್‌ವರ್ಡನ್ನಾಗಲಿ ಬ್ಯಾಂಕು ಕಾರ್ಡಿನ ಸಂಖ್ಯೆಯನ್ನಾಗಲಿ ಕೊಡಬಾರದು. ಪರದೆಯು ಬಂಧಿತವಾದಂತೆ ತೋರಿದರೆ ಅದರಲ್ಲಿ ಬರೆದ ದೂರವಾಣಿಗೆ ಕರೆಮಾಡದೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಬ್ರೌಸರನ್ನು ಮುಚ್ಚಬೇಕು.

ಐದನೆಯದಾಗಿ, ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ನಕಲುಮಾಡಿ, ಅದನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿ ಇಡಬೇಕು. ಕಳಚದೆ ಬಿಟ್ಟರೆ ಕಡತಗಳಿಗೆ ಬೀಗಹಾಕುವ ವೈರಸ್ಸು ಆ ಡಿಸ್ಕಿಗೂ ಬೀಗಹಾಕೀತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಪ್ರಯೋಜನವಿಲ್ಲ.

ಇಷ್ಟಾದರೂ ಕೇಡು ಸಂಭವಿಸಿತೆನ್ನಿರಿ. ಆಗ ಮೊದಲು ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ, ಡಿಫೆಂಡರಿನ ‘ಆಫ್‌ಲೈನ್’ ತಪಾಸಣೆಯನ್ನು ನಡೆಸಬೇಕು. ಪಾಸ್‌ವರ್ಡುಗಳನ್ನು ಬೇರೊಂದು ಶುದ್ಧವಾದ ಯಂತ್ರದಿಂದ ಬದಲಾಯಿಸಬೇಕು. 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವು ಶುದ್ಧಿಯ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವವು ಹೆಚ್ಚು.

ಕಡೆಯದಾಗಿ ಒಂದು ಮಾತು. ಮೇಲೆ ಹೇಳಿದ ಮೋಸಗಳಲ್ಲೆಲ್ಲಾ ಕಳ್ಳನ ನಿಜವಾದ ಬಂಡವಾಳವು ನಮ್ಮ ನಾಚಿಕೆಯೇ. ಒಮ್ಮೆ ಹಣ ತೆತ್ತವನು ಬಾಯಿಬಿಡಲಾರನೆಂದು ತಿಳಿದೇ ಅವನು ಎರಡನೆಯ ಸಲ ಕೇಳುತ್ತಾನೆ. ಬೆಳೆದ ಮಗನೋ ಮನೆಯ ಅಳಿಯನೋ ಕಳೆಗುಂದಿದ ಮುಖದಿಂದ, ‘ಕಂಪ್ಯೂಟರಿಗೆ ಏನೋ ಆಗಿದೆ’ ಎಂದು ಬಂದಾಗ, ಏನನ್ನು ನೋಡುತ್ತಿದ್ದೆಯೆಂದು ವಿಚಾರಣೆಗೆ ಕೂರುವ ತಂದೆತಾಯಿಗಳು ಅರಿಯದೆಯೇ ಕಳ್ಳನಿಗೆ ಸಹಾಯಮಾಡುತ್ತಾರೆ. ಬುದ್ಧಿಮಾತಿಗೆ ನಾಳೆಯೂ ಸಮಯವಿದೆ. ಇಂದು ಅವನ ಪಕ್ಕದಲ್ಲಿ ಕುಳಿತು, ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ, ‘ಹಣ ಕೊಡಬೇಡ, ಹೆದರಬೇಡ’ ಎಂದು ಹೇಳುವುದೇ ಮನೆಯ ಹಿರಿಯರ ಮೊದಲ ಕರ್ತವ್ಯವು.