ಹಾಸಿಗೆ ಗಿಡ್ಡ ಮಾಡಿದ್ದು ಯಾರು? (ಗಾದೆ ಸರಣಿ, ಭಾಗ 4)

"ಗಾದೆಗಳು ವೇದಕ್ಕೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಹತ್ತನೇ ಕ್ಲಾಸಿನ ಕನ್ನಡ ಪೇಪರ್‌ನಲ್ಲಿ ಗಾದೆ ವಿಸ್ತರಣೆ ಬಂದಾಗ ನೀವೂ ಹಿಂಗೇ ಶುರು ಮಾಡಿರ್ತೀರಿ. ಯಾವ ಗಾದೆ ಕೊಟ್ಟರೂ ಪೀಠಿಕೆ ಇದೇ. ಆದರೆ ಒಂದು ಗಮನಿಸ್ರಿ: ಗಾದೆ ಸುಳ್ಳಾಗದು ಅಂತ ಹೇಳ್ತಿರೋದೂ ಒಂದು ಗಾದೆನೇ! ತನ್ನ ಸರ್ಟಿಫಿಕೇಟಿಗೆ ತಾನೇ ಸಹಿ ಹಾಕಿಕೊಂಡಂಗಾಯ್ತು. ನಾವು ಬಿಕಾಂ ಓದೋರು, ಹೊರಗಿನ ಆಡಿಟರ್ ಬೇಕು ಅಂತ ಕೇಳಲೇಬೇಕು.

ಬೈಯೋಕೆ ಮುಂಚೆ ಹೊಗಳಿಬಿಡ್ತೀನಿ. ನಮ್ಮ ಸಿಲಬಸ್‌ನ ಎಷ್ಟೋ ಪಾಠ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು. ಕೈಗೆ ಬರದ ಲಾಭವನ್ನ ಪುಸ್ತಕದಲ್ಲಿ ಬರೀಬೇಡ, ಆಗಬಹುದಾದ ನಷ್ಟಕ್ಕೆ ಈಗಲೇ ಪ್ರಾವಿಷನ್ ಇಡು ಅಂತ ಮೇಡಂ ಪ್ರುಡೆನ್ಸ್ ತತ್ವವನ್ನ ಬೋರ್ಡ್ ತುಂಬ ಬರೆಸ್ತಾರೆ. ಊರಲ್ಲಿ ಅದನ್ನ "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು" ಅಂತ ಒಂದೇ ಏಟಿಗೆ ಮುಗಿಸ್ತಾರೆ. ಬ್ಯಾಡ್ ಡೆಟ್ಸ್ ಅಂದ್ರೆ ಏನು? "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ." ಇನ್ನು ಗುಡ್‌ವಿಲ್. ಅದರ ಬೆಲೆ ಕಟ್ಟೋಕೆ ನಮಗೆ ಸೂಪರ್ ಪ್ರಾಫಿಟ್ ಮೆಥಡ್, ಆ ಮೆಥಡ್, ಈ ಮೆಥಡ್. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ" ಅಂದವರು ಯಾವ ಮೆಥಡ್ ಓದಿದ್ರು? ಮನುಷ್ಯನ ಬುದ್ಧಿ ಹೆಂಗೆ ಓಡ್ತದೆ ಅಂತ ಕಂಡುಹಿಡಿಯೋದರಲ್ಲಿ ಗಾದೆ ಕಟ್ಟಿದವರನ್ನ ಮೀರಿಸೋದು ಕಷ್ಟ ಐತಿ.

ತೊಂದರೆ ಇರೋದು ಬೇರೆ ಕಡೆ. ಗಾದೆಗಳು ಒಂದಕ್ಕೊಂದು ಜಗಳ ಆಡ್ತವೆ. "ಮಾತು ಬೆಳ್ಳಿ, ಮೌನ ಬಂಗಾರ" ಅಂತಾರೆ. "ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ" ಅಂತಲೂ ಅಂತಾರೆ. ಒಬ್ಬ "ದುಡ್ಡೇ ದೊಡ್ಡಪ್ಪ" ಅಂದ್ರೆ ಪಕ್ಕದಲ್ಲಿ ಕೂತವನು "ವಿದ್ಯೆ ಅವರಪ್ಪ" ಅಂತ ಸೇರಿಸ್ತಾನೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂದ ಇದೇ ಕನ್ನಡ "ಸಾಲ ಮಾಡಿಯಾದ್ರೂ ತುಪ್ಪ ತಿನ್ನು" ಅಂತಲೂ ಅಂದಿದೆ. ಹಾಗಾಗಿ ನನ್ನ ಪ್ರಕಾರ ಗಾದೆ ಅಂದ್ರೆ ತೀರ್ಪಲ್ಲ, ವಕೀಲರ ವಾದ. ಎದುರು ವಕೀಲನ ಗಾದೆನೂ ಇದ್ದೇ ಇರ್ತದೆ. ಕಟ್ಟೆ ಮೇಲೆ ಕೂತು ಮಾತಾಡೋ ಹಿರಿಯರಿಗೆ ಎರಡೂ ಗೊತ್ತು. ನಮ್ಮ ಕಡೆ ತಿರುಗಿದಾಗ ಮಾತ್ರ ಒಂದನ್ನೇ ಹೇಳ್ತಾರೆ. ಯಾವುದನ್ನ ಅಂತ ಬಿಡಿಸಿ ಹೇಳಬೇಕಾ?

ಡಿಗ್ರಿ ಮುಗಿದ ಮೇಲೆ ಸಿಎ ಓದ್ತೀನಿ ಅಂತ ಮನೇಲಿ ಹೇಳಿ ನೋಡ್ರಿ. ಹಾಸಿಗೆ ಹಾಜರ್. ಸಂಘದ ಸಾಲದ ಕಂತು ಒಂದು ವಾರ ತಪ್ಪಿದ ಹೆಂಗಸಿಗೂ ಓಣಿಯವರು ಹೇಳೋದು ಇದನ್ನೇ. ಭತ್ತಕ್ಕೆ ರೇಟು ಬಿದ್ದು, ಗೊಬ್ಬರದ ಅಂಗಡಿಯ ಉದ್ರಿ ತೀರಿಸೋಕೆ ಆಗದ ರೈತನಿಗೂ ಇದೇ. ಆದೋನಿ ಬಸ್ಸು ಹತ್ತಿದ್ರೆ ತೆಲುಗಿನಲ್ಲೂ ಸಿಗ್ತದೆ, "ಅಪ್ಪು ಚೇಸಿ ಪಪ್ಪು ಕೂಡು". ಸಾಲ ಮಾಡಿ ಬೇಳೆ ಅನ್ನ ಉಣ್ಣೋರು ಅಂತ ವ್ಯಂಗ್ಯ. ಬೇಳೆ ಅನ್ನ ಯಾವಾಗಿಂದ ಐಷಾರಾಮಿ ಆಯ್ತೋ!

ಅದೇ ನಮ್ಮ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಪುಸ್ತಕ ತೆಗೀರಿ. ಕಂಪನಿ ಸಾಲ ಎತ್ತಿ ಶೇರುದಾರರ ಲಾಭ ಹೆಚ್ಚಿಸಿದ್ರೆ ಅದಕ್ಕೆ "ಟ್ರೇಡಿಂಗ್ ಆನ್ ಈಕ್ವಿಟಿ" ಅನ್ನೋ ಗೌರವದ ಹೆಸರು. ಕಂಪನಿಗೆ ಯಾರೂ ಹಾಸಿಗೆ ತೋರಿಸಲ್ಲ.

ಹಾಸಿಗೆ ಎಷ್ಟು ಉದ್ದ ಅಂತ ನಿರ್ಧರಿಸೋದು ಮಲಗೋನ ಕೈಯಲ್ಲಿ ಇದೆಯಾ? ನಮ್ಮ ಸಿರುಗುಪ್ಪ ತಾಲ್ಲೂಕಿನ ಭತ್ತ ಬಹುಪಾಲು ತುಂಗಭದ್ರಾ ನೀರಿನ ಮೇಲೆ ನಿಂತಿದೆ. ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯ್ತು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ತಡೆದ್ರು, ಅಷ್ಟರಲ್ಲಿ ಎಷ್ಟೋ ನೀರು ಹರಿದು ಹೋಗಿತ್ತು. ಆ ವಾರ ನಮ್ಮ ಕಡೆ ಯಾರ ಮನೇಲೂ ಬೇರೆ ಮಾತಿರಲಿಲ್ಲ. ನಾಟಿ ಮಾಡಿ ಕೂಲಿ ಕೊಟ್ಟು ಕೂತಿದ್ದ ರೈತ ಅಲ್ಲಿ ಯಾವ ಕಾಲು ಚಾಚಿದ್ದ? ಹೂಳು ಅವನು ತುಂಬಿದ್ದಲ್ಲ, ಚೈನ್ ಅವನು ಮುರಿದಿದ್ದಲ್ಲ. ಹಾಸಿಗೆ ಗಿಡ್ಡ ಆಗಿದ್ದು ಅವನು ಮಲಗಿದ ಮೇಲೆ.

ಬೇರೆ ದೇಶದ ಗಾದೆಗಳಲ್ಲೂ ಈ ಜಗಳ ಇದೆಯಾ ಅಂತ ಹುಡುಕಿದಾಗ ಯಿಡ್ಡಿಷ್ ಗಾದೆಗಳು ಸಿಕ್ಕವು. ಯಿಡ್ಡಿಷ್ ಅಂದ್ರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಆ ಭಾಷೆಯಲ್ಲಿ ಬರೆದ ಐಸಾಕ್ ಬಶೇವಿಸ್ ಸಿಂಗರ್‌ಗೆ 1978ರಲ್ಲಿ ನೊಬೆಲ್ ಬಂತು. "ಮನುಷ್ಯ ಲೆಕ್ಕ ಹಾಕ್ತಾನೆ, ದೇವರು ನಗ್ತಾನೆ" ಅಂತ ಅವರದೊಂದು ಗಾದೆ. "ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು" ಅನ್ನೋದರ ಅಣ್ಣನೋ ತಮ್ಮನೋ ಇರಬೇಕು. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಶ್ರೀಮಂತರು ತಮ್ಮ ಬದಲು ಸಾಯೋಕೆ ಆಳು ಇಟ್ಟುಕೊಳ್ಳೋ ಹಾಗಿದ್ದಿದ್ರೆ ಬಡವರ ಸಂಪಾದನೆ ಭರ್ಜರಿಯಾಗಿ ನಡೀತಿತ್ತಂತೆ. ಓದಿದ ತಕ್ಷಣ ನಕ್ಕೆ, ಆಮೇಲೆ ನಗು ನಿಂತಿತು. ಇದು ಕೆಳಗಿನವರು ಮೇಲೆ ನೋಡಿ ಹೇಳಿದ ಗಾದೆ. ಕನ್ನಡದಲ್ಲಿ ಅಂಥವು ಇಲ್ಲವಾ? ಬೇಕಾದಷ್ಟಿವೆ. "ಬೇಲಿನೇ ಎದ್ದು ಹೊಲ ಮೇಯ್ತು", "ದೇವರು ಕೊಟ್ಟರೂ ಪೂಜಾರಿ ಕೊಡ". ಇವನ್ನ ನಮ್ಮ ಬುದ್ಧಿವಾದದ ಲಿಸ್ಟಿಗೆ ಯಾರೂ ಸೇರಿಸಲ್ಲ, ಅಷ್ಟೇ.

ಸಾಲ ಮಾಡೋದು ಒಳ್ಳೇದು ಅಂತ ನಾನು ಹೇಳ್ತಿಲ್ಲ. ಇಎಂಐ ಮೇಲೆ ಐಫೋನ್ ತಗೊಂಡು ಕ್ಯಾಂಟೀನ್ ಬಿಲ್ ನಮ್ಮ ತಲೆಗೆ ಕಟ್ಟೋ ದೋಸ್ತನಿಗೆ ಹಾಸಿಗೆ ಗಾದೆ ಧಾರಾಳವಾಗಿ ಹೇಳ್ರಿ. (ಯಾರು ಅಂತ ಅವನಿಗೇ ಗೊತ್ತು.) ಆದರೆ ಮನೆ ಬಾಗಿಲಿಗೆ ಬಂದು ಕೂತು ಮಾನ ಕಳೆಯೋ ವಸೂಲಿ ಎಷ್ಟು ಜೋರಾಗಿತ್ತು ಅಂದ್ರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನ ತಡೆಯೋಕೆ ಸುಗ್ರೀವಾಜ್ಞೆ ತಂತು. ಬಲವಂತ ಮಾಡಿದ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ತಪ್ಪೆಲ್ಲಾ ಕಾಲು ಚಾಚಿದವರದ್ದೇ ಆಗಿದ್ದಿದ್ರೆ ಇದು ಯಾಕೆ ಬೇಕಿತ್ತು?

ನಮ್ಮ ಓಣಿಯಲ್ಲಿ ಒಬ್ಬ ಅವ್ವ ಇದ್ದಾಳೆ. ಕಂತಿನ ವಿಷಯಕ್ಕೆ ಯಾರೋ ಅವಳಿಗೆ ಹಾಸಿಗೆ ಪಾಠ ಮಾಡೋಕೆ ಹೋದ್ರು. ಅವಳು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು, "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಾಕ ಬಂದೀಯೇನಪಾ?" ಅಂದ್ಲು. ಪಾಠ ಅಲ್ಲಿಗೇ ಬಂದ್.

ನಿಮಗೂ ಮನೇಲಿ ಯಾವುದೋ ಒಂದು ಗಾದೆ ಹೇಳಿ ಬಾಯಿ ಮುಚ್ಚಿಸಿರ್ತಾರೆ. ಅದನ್ನ ಕಾಮೆಂಟಲ್ಲಿ ಹಾಕ್ರಿ, ಕೆಳಗೆ ಅದರ ಎದುರು ಗಾದೆ ಹಾಕ್ರಿ. ಸಿಗದಿದ್ರೆ ಅಜ್ಜಿಯನ್ನ ಕೇಳ್ರಿ, ಗೂಗಲ್ ಬೇಡ. ಭಾಗ 5ರಲ್ಲಿ ಹೆಣ್ಣುಮಕ್ಕಳ ಮೇಲೆ ಕಟ್ಟಿರೋ ಗಾದೆಗಳು. ಕ್ಲಾಸಿನ ಹುಡುಗರು ಹೆಲ್ಮೆಟ್ ಹಾಕ್ಕೊಂಡು ಓದೋದು ಒಳ್ಳೇದು.